ಹಸಿ ಸೌದೆಯ ಹೊಗೆ



ಈ ಮಹೋತ್ಸವದ ಗೋಷ್ಠಿಯಲ್ಲಿ ತರ್ಕಶಾಸ್ತ್ರದ ಉಪಯೋಗವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಾನದಿಂದ ನನಗೆ ಅಪ್ಪಣೆಯಾಯಿತು. ಅಪ್ಪಣೆಯನ್ನು ಶಿರಸಾವಹಿಸಿದೆನಾದರೂ ಒಂದು ಬಿನ್ನಹವನ್ನು ಮಾಡಿಕೊಂಡೆನು. ಊರ ಕಸವನ್ನು ಸುಡುವುದರಿಂದೇಳುವ ಹೊಗೆಯೆಂಬ ಒಂದೇ ವಿಷಯವನ್ನು ಹಿಡಿದು ಮಾತಾಡಲು ಅವಕಾಶವಿರಬೇಕೆಂದು ಕೇಳಿಕೊಂಡೆನು. ಸನ್ನಿಧಾನದವರು ನಕ್ಕು ಹಾಗೆಯೇ ಆಗಲೆಂದರು. ಇಂಥ ಪವಿತ್ರ ಸಮಯದಲ್ಲಿ ಕಸದ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ತರ್ಕ ಓದಿದವನಿಗೆ ಹೊಗೆಯ ಮಾತಿಲ್ಲದೆ ಒಂದು ದಿನವೂ ಪಾಠ ಸಾಗದು. ನಮ್ಮ ಶಾಸ್ತ್ರದ ಅನುಮಾನಪ್ರಕರಣವೆಲ್ಲವೂ ಒಂದು ಬೆಟ್ಟದ ಮೇಲೆ ಕಂಡ ಹೊಗೆಯನ್ನಾಶ್ರಯಿಸಿಕೊಂಡು ನಿಂತಿದೆಯೆಂಬುದನ್ನು ಇಲ್ಲಿರುವ ಪಾಠಶಾಲೆಯ ಹುಡುಗರೂ ಬಲ್ಲರು.

ಬಾರದವರಿಗಾಗಿ ಸ್ವಲ್ಪ ವಿವರಿಸುವೆನು. ದೂರದ ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ಸರಿಯಾದ ಅನುಮಾನ. ಅಡಿಗೆಯ ಮನೆಯಲ್ಲಿ ಹೊಗೆಯೂ ಬೆಂಕಿಯೂ ಕೂಡಿರುವುದನ್ನು ಕಂಡಿದ್ದೇವೆ, ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆಯನ್ನು ಕಂಡಿಲ್ಲ. ಆದರೆ ಇದನ್ನೇ ತಿರುವುಮುರುವು ಮಾಡಿ, ಬೆಂಕಿಯಿರುವುದರಿಂದ ಹೊಗೆಯಿರಲೇಬೇಕೆಂದರೆ ಅದು ದೋಷಯುಕ್ತವಾದ ಅನುಮಾನವಾಗುವುದು. ಕಮ್ಮಾರನ ಕುಲುಮೆಯಿಂದ ಹೊರತೆಗೆದ ಕೆಂಡದಂತಹ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗಾದರೆ ಬೆಂಕಿಯು ಎಲ್ಲಿ ಹೊಗೆಯಾಡುವುದು? ಹಸಿ ಸೌದೆಯೊಡನೆ ಕೂಡಿದಲ್ಲಿ. ಈ ಹಸಿ ಸೌದೆಯ ಸಂಬಂಧವನ್ನು ಶಾಸ್ತ್ರಕಾರರು ಉಪಾಧಿಯೆಂದು ಕರೆದರು. ಉಪಾಧಿಯೆಂದರೆ, ನಾವು ಕಾರಣವೆಂದು ತೋರಿಸುತ್ತಿರುವ ವಸ್ತುವಿನ ಹಿಂದೆ ನಮಗೆ ತಿಳಿಯದಂತೆ ನುಸುಳಿಕೊಂಡು ನಿಜವಾಗಿ ಕೆಲಸಮಾಡುತ್ತಿರುವ ನಿಬಂಧನೆ.

ಇದನ್ನು ನಾನು ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದ್ದೇನೆ. ಅಷ್ಟೇ ವರ್ಷಗಳಿಂದ ಜಾತ್ರೆ ಮುಗಿದ ಮೇಲೆ ಮಠದ ಆವರಣವನ್ನು ಚೊಕ್ಕಟಗೊಳಿಸುವ ಹೊಣೆಯೂ ನನ್ನ ಮೇಲೆಯೇ ಇದ್ದಿತು. ತೇರು ಎಳೆದ ಮರುದಿನ ಸಂಜೆ, ಉಂಡ ಎಲೆಗಳು, ಚೆಲ್ಲಿದ ಅನ್ನ, ಬಾಡಿದ ಹೂಮಾಲೆ, ಪ್ಲಾಸ್ಟಿಕ್ ಲೋಟ, ತಿಂಡಿಯ ಪೊಟ್ಟಣ, ಹರಿದ ಚಪ್ಪಲಿ, ಬಳೆಯಂಗಡಿಯವರು ಬಿಟ್ಟುಹೋದ ರಟ್ಟು, ಇವೆಲ್ಲವನ್ನೂ ಪಾಠಶಾಲೆಯ ಹಿಂದಿನ ಹಳ್ಳದ ಬದಿಯಲ್ಲಿ ರಾಶಿಮಾಡಿಸಿ, ಸೀಮೆಯೆಣ್ಣೆ ಚಿಮುಕಿಸಿ ಬೆಂಕಿಯಿಡಿಸುತ್ತಿದ್ದೆನು. ಬೆಳಗಾಗುವಷ್ಟರಲ್ಲಿ ರಾಶಿ ತಗ್ಗಿ ಬೂದಿಯಾಗಿರುತ್ತಿದ್ದಿತು. ಊರವರು ಬಂದು ನೋಡಿ, ಜಾತ್ರೆ ನಡೆದ ಗುರುತೇ ಇಲ್ಲವೆಂದು ಹೊಗಳುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿದ್ದಿತು.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಹಳ್ಳಿಯಿಂದ ಹನ್ನೊಂದು ವರ್ಷದ ಹುಡುಗನೊಬ್ಬನು ಪಾಠಶಾಲೆಗೆ ಸೇರಿದನು. ಉಬ್ಬಸದ ದೇಹ, ಕಂಠ ಮಾತ್ರ ಬಹಳ ಮಧುರವಾದುದು. ಆ ವರ್ಷದ ಜಾತ್ರೆಯ ಮರುದಿನ ಗಾಳಿಯು ಹಳ್ಳದ ಕಡೆಯಿಂದ ವಿದ್ಯಾರ್ಥಿನಿಲಯದ ಕಡೆಗೆ ಬೀಸುತ್ತಿದ್ದಿತು. ನಡುರಾತ್ರಿ ಹುಡುಗನಿಗೆ ಉಸಿರು ಕಟ್ಟಿತು. ತುಟಿಗಳು ನೀಲಿಯಾದುವು. ಬೆಳಗಿನ ಜಾವಕ್ಕೆ ತಾಲ್ಲೂಕಿನ ಊರಿಗೆ ಕೊಂಡೊಯ್ದೆವು. ಪರೀಕ್ಷಿಸಿದ ವೈದ್ಯರು ತರುಣರು. ಮೊದಲು ಅವರು ಕೇಳಿದ ಪ್ರಶ್ನೆಯೆಂದರೆ, ಇವನು ಮಲಗುವ ಸ್ಥಳದ ಹತ್ತಿರ ಏನಾದರೂ ಸುಡುತ್ತಿದೆಯೇ ಎಂಬುದು. ನಾನು ಉತ್ತರ ಕೊಡಲಿಲ್ಲ. ನನ್ನ ಹೆಗಲಮೇಲಿದ್ದ ವಸ್ತ್ರದಿಂದಲೇ ಆ ವಾಸನೆ ಬರುತ್ತಿದ್ದಿತು. ಹುಡುಗನು ನಾಲ್ಕು ದಿನಗಳಲ್ಲಿ ಗುಣವಾಗಿ ಬಂದನು. ಈಗ ಅವನು ಇದೇ ಸಭೆಯಲ್ಲಿ ಕುಳಿತಿರುವನಾದುದರಿಂದ ಅವನ ಹೆಸರನ್ನು ಹೇಳಿ ನಾಚಿಸಲಾರೆನು. ಆದರೆ ಅಂದಿನಿಂದ ನನಗೆ ಹಸಿ ಸೌದೆಯ ಪಾಠವನ್ನು ಮೊದಲಿನಂತೆ ನಿರಾತಂಕವಾಗಿ ಹೇಳಲು ಸಾಧ್ಯವಾಗಲಿಲ್ಲ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಲ್ಲವನು ಕಾಲಬುಡದ ಹೊಗೆಯನ್ನು ಕಂಡು ಏನನ್ನೂ ಊಹಿಸದೆ ಹೋದೆನಲ್ಲಾ ಎಂದು ವ್ಯಥೆಯಾಯಿತು. ಮಠದ ಭಕ್ತರಲ್ಲಿ ರಸಾಯನಶಾಸ್ತ್ರ ಬಲ್ಲವರಿಬ್ಬರನ್ನು ಹಿಡಿದು ಕೇಳಿ, ಅವರು ಓದಿ ಹೇಳಿದುದನ್ನು ಬರೆದುಕೊಂಡು, ತಿಳಿದಷ್ಟನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಕಸವೆಂಬ ಮಾತಿನ ಅರ್ಥವೇ ಬದಲಾಗಿದೆಯೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಅಜ್ಜಿಯಂದಿರು ಗುಡಿಸಿ ತಿಪ್ಪೆಗೆ ಹಾಕುತ್ತಿದ್ದುದು ಸೊಪ್ಪು, ಸಗಣಿ, ಒಲೆಯ ಬೂದಿ, ಚಿಂದಿ, ಮಡಕೆಯ ಚೂರು. ಅದರಲ್ಲಿ ಸುಡತಕ್ಕ ಪದಾರ್ಥವೇ ಕಡಿಮೆ. ಕೊಳೆತು ಹೊಲಕ್ಕೆ ಹೋಗತಕ್ಕುದೇ ಹೆಚ್ಚು. ಇಂದಿನ ಕಸದಲ್ಲಿ ಅರ್ಧಕ್ಕೆ ಸಮೀಪವಾದ ಭಾಗವು ಅಡಿಗೆಯ ಮನೆಯ ಹಸಿ ಪದಾರ್ಥವೇ ಆಗಿದ್ದರೂ, ಅದರ ಮೈಗಂಟಿಕೊಂಡು ಪ್ಲಾಸ್ಟಿಕ್ ಚೀಲ, ಬಣ್ಣದ ಕಾಗದ, ವಿದ್ಯುತ್ತಿನ ತಂತಿ, ಬ್ಯಾಟರಿಯ ಬಿಲ್ಲೆ, ಒಡೆದ ಕೊಳವೆ ದೀಪ, ಔಷಧದ ಹಾಳೆಗಳು ಇರುವುವು. ಹೀಗೆ ಹಸಿಯೂ ಒಣದೂ ಕೂಡಿದ ರಾಶಿಗೆ ಬೆಂಕಿಯಿಟ್ಟಾಗ ಏನಾಗುವುದು? ನೀರು ಮೊದಲು ಶಾಖವನ್ನು ಕುಡಿಯುವುದು. ಒಂದು ಕಿಲೋಗ್ರಾಂ ನೀರನ್ನು ನಮ್ಮ ಹವೆಯ ಬಿಸಿಯಿಂದ ಕುದಿಗೆ ತಂದು ಆವಿಮಾಡಲು 600 ಕಿಲೋಕ್ಯಾಲೊರಿಗೂ ಹೆಚ್ಚು ಶಾಖ ಬೇಕು. ಆ ಶಾಖವನ್ನೆಲ್ಲ ಪಕ್ಕದ ಒಣ ಪದಾರ್ಥವು ಕೊಡಬೇಕಾಗುವುದು. ಬೆಂಕಿ ಪ್ರಜ್ವಲಿಸದೆ ಒಳಗೊಳಗೆ ಕಮರುವುದು. ರಾಶಿಯ ನಡುವೆ ಗಾಳಿಯೂ ಆಡದು. ಗಾಳಿ ಸಾಲದ, ಬಿಸಿ ಸಾಲದ ಬೆಂಕಿಯಿಂದ ಪೂರ್ಣದಹನವಾಗದೆ ಅರೆಬೆಂದ ವಸ್ತುಗಳು ಹೊರಬೀಳುವುವು. ಅದೇ ನಾವು ಹೊಗೆಯೆನ್ನುವುದು. ಶಾಸ್ತ್ರಕಾರರು ಇಟ್ಟ ಉಪಾಧಿಯು ಎಷ್ಟು ಸತ್ಯವೆಂಬುದನ್ನು ನೋಡಿರಿ.

ಆ ಹೊಗೆಯೊಳಗೆ ಏನೇನುಂಟು? ಕಣ್ಣಿಗೆ ಕಾಣುವ ಕರಿಮಸಿ ಒಂದು. ಅದಕ್ಕಿಂತ ಭಯಂಕರವಾದುದು ಕಾಣದ ಧೂಳು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣಗಳು ಮೂಗಿನ ರೋಮಕ್ಕೂ ಗಂಟಲಿನ ಕಫಕ್ಕೂ ಸಿಕ್ಕದೆ ಶ್ವಾಸಕೋಶದ ಕಟ್ಟಕಡೆಯ ಗೂಡುಗಳವರೆಗೆ ಹೋಗಿ ನಿಲ್ಲುವುವು. ಅವುಗಳಲ್ಲಿ ಅತಿಸೂಕ್ಷ್ಮವಾದುವು ರಕ್ತಕ್ಕೂ ಇಳಿಯುವುವು. ಉಬ್ಬಸವು ಹೆಚ್ಚುವುದೂ ಹೃದಯವು ಕೆಡುವುದೂ ಇದರಿಂದಲೇ. ಇದರ ಜೊತೆಗೆ ಮಂಪರು ಬರಿಸುವ ಕಾರ್ಬನ್ ಮಾನಾಕ್ಸೈಡ್, ಕಣ್ಣು ಗಂಟಲುಗಳನ್ನು ಕಡಿಯುವ ಹೈಡ್ರೋಕ್ಲೋರಿಕ್ ಆಮ್ಲದ ಆವಿ, ಕ್ಯಾನ್ಸರ್ ರೋಗಕ್ಕೆ ಹೇತುವಾದ ಬೆಂಜೀನ್ ಮೊದಲಾದುವು ಇರುವುವು. ಬಣ್ಣ, ಬ್ಯಾಟರಿಗಳಿಂದ ಸೀಸ, ಕ್ಯಾಡ್ಮಿಯಂ ಬರುವುವು. ಒಡೆದ ಕೊಳವೆ ದೀಪದಿಂದ ಪಾದರಸ ಬರುವುದು. ಲೋಹಗಳನ್ನು ಯಾವ ಬೆಂಕಿಯೂ ನಾಶಮಾಡಲಾರದು. ಇದ್ದ ಕಡೆಯಿಂದ ಎಬ್ಬಿಸಿ ಹೊಗೆಗೋ ಬೂದಿಗೋ ಸೇರಿಸಬಹುದು, ಅಷ್ಟೇ.

ಇನ್ನೊಂದು ವಿಷಕುಲವುಂಟು. ಅದರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಅದು ಕಸದೊಳಗೆ ಮೊದಲು ಇಲ್ಲದೆ, ಸುಡುವಾಗ ಹೊಸದಾಗಿ ಹುಟ್ಟತಕ್ಕುದು. ಅದಕ್ಕೆ ಡಯಾಕ್ಸಿನ್ ಎಂದು ಹೆಸರು. ಕ್ರಿಸ್ತಶಕ 1977ನೆಯ ಇಸವಿಯಲ್ಲಿ ಹಾಲೆಂಡ್ ದೇಶದ ಊರ ಕಸದ ಕುಲುಮೆಗಳ ಬೂದಿಯನ್ನೂ ಹೊಗೆಯನ್ನೂ ಓಲಿ, ವರ್ಮ್ಯೂಲೆನ್, ಹುಟ್ಸಿಂಗರ್ ಎಂಬ ವಿದ್ವಾಂಸರು ಶೋಧಿಸಿ, ಅವುಗಳಲ್ಲಿ ಡಯಾಕ್ಸಿನ್ ಇರುವುದನ್ನು ಕಂಡು ಪ್ರಕಟಿಸಿದರು. ಅದುವರೆಗೆ ಈ ವಿಷವು ರಾಸಾಯನಿಕ ಕಾರ್ಖಾನೆಗಳ ಪಾಪವೆಂದು ಲೋಕವು ತಿಳಿದಿದ್ದಿತು. ಮನೆಮನೆಯ ಕಸದ ಬೂದಿಯಲ್ಲಿ ಅದು ಸಿಕ್ಕಿದುದು ದೊಡ್ಡ ಆಶ್ಚರ್ಯಕ್ಕೆ ಕಾರಣವಾಯಿತು. ಇಂಗಾಲ, ಆಮ್ಲಜನಕ, ಕ್ಲೋರಿನ್ ಈ ಮೂರು ದೊರೆತು, ಬಿಸಿಯು ಸುಮಾರು 200ರಿಂದ 450 ಡಿಗ್ರಿ ಸೆಂಟಿಗ್ರೇಡಿನ ನಡುವೆ ಇದ್ದರೆ ಬೂದಿಯ ಕಣಗಳ ಮೇಲೆಯೇ ಇದು ಕಟ್ಟಿಕೊಳ್ಳುವುದು. ತಾಮ್ರದ ತುಣುಕಿದ್ದರೆ ಆ ಕ್ರಿಯೆಯು ಇನ್ನೂ ವೇಗವಾಗಿ ನಡೆಯುವುದು. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕ್ಲೋರಿನ್ನೇ ಆಗಿರುವುದು. ನಾವು ತಾಮ್ರಕ್ಕಾಗಿ ಸುಡುವ ವಿದ್ಯುತ್ ತಂತಿಯ ಹೊದಿಕೆ ಅದೇ. ಅನ್ನ ಸಾರುಗಳಲ್ಲಿರುವ ಉಪ್ಪೂ ಕ್ಲೋರಿನ್ನಿನ ಆಕರವೇ. 850 ಡಿಗ್ರಿಗೆ ಮೇಲ್ಪಟ್ಟ ಬಿಸಿಯಲ್ಲಿ ಸಾಕಷ್ಟು ಹೊತ್ತು ಇಟ್ಟರೆ ಈ ವಿಷವು ಒಡೆದುಹೋಗುವುದು. ಕಮರುವ ರಾಶಿಯಲ್ಲಿ ಆ ಬಿಸಿಯೆಲ್ಲಿಂದ ಬರಬೇಕು? ವಿಷವನ್ನು ಹುಟ್ಟಿಸುವುದಕ್ಕೆ ತಕ್ಕಷ್ಟು ಬಿಸಿಯುಂಟು, ಸುಟ್ಟು ಹಾಕುವುದಕ್ಕೆ ತಕ್ಕಷ್ಟಿಲ್ಲ. ನಾನು ಹಳ್ಳದ ಬದಿಯಲ್ಲಿ ಮಾಡಿಸುತ್ತಿದ್ದುದು ಇದನ್ನೇ.

ಈ ಕುಲದಲ್ಲಿ ಫ್ಯೂರಾನ್‌ಗಳನ್ನೂ ಸೇರಿಸಿದರೆ 210 ಭೇದಗಳುಂಟು. ಅವುಗಳಲ್ಲಿ ವಿಷವೆಂದು ಎಣಿಸತಕ್ಕುವು 17. ಎಲ್ಲಕ್ಕಿಂತ ಉಗ್ರವಾದುದನ್ನು ಮನುಷ್ಯರಿಗೆ ಕ್ಯಾನ್ಸರ್ ತರತಕ್ಕುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 1997ರಲ್ಲಿ ನಿರ್ಣಯಿಸಿತು. ಇದು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುವುದು. ದೇಹವನ್ನು ಹೊಕ್ಕರೆ ಅರ್ಧದಷ್ಟು ಹೊರಹೋಗಲು ಏಳರಿಂದ ಹನ್ನೊಂದು ವರ್ಷಗಳು ಬೇಕು. ಇದು ನಮ್ಮೊಳಗೆ ಬರುವ ದಾರಿಯೂ ವಿಚಿತ್ರವಾದುದು. ಮೂಗಿನಿಂದ ಬರುವುದು ಅಲ್ಪ. ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ಆಹಾರದಿಂದಲೇ ಬರುವುದು. ಹೊಗೆಯೊಡನೆ ಎದ್ದುದು ಹುಲ್ಲಿನ ಮೇಲೆ ಇಳಿಯುವುದು, ಹುಲ್ಲನ್ನು ಹಸುವು ಮೇಯುವುದು, ಹಸುವಿನ ಹಾಲಿನ ಕೆನೆಯಲ್ಲಿ ಸೇರಿ ನಮ್ಮ ಮನೆಗೆ ಬರುವುದು. ತಾಯಿಯ ಎದೆಹಾಲಿಗೂ ಅದು ಇಳಿಯುವುದೆಂದು ಕಂಡುಬಂದಿದೆ. ಹಾಗೆಂದು ಮಗುವಿಗೆ ಎದೆಹಾಲನ್ನು ತಪ್ಪಿಸಬಾರದೆಂಬುದು ವೈದ್ಯರ ಖಂಡಿತವಾದ ಅಭಿಪ್ರಾಯ. ಈ ಮಾತನ್ನು ಕೇಳಿ ಯಾವ ತಾಯಿಯೂ ಗಾಬರಿಯಾಗಬಾರದು. ನಮ್ಮ ಗೋಶಾಲೆಯ ಹಸುಗಳು ಮೇಯುವುದು ಅದೇ ಹಳ್ಳದ ದಂಡೆಯಲ್ಲಿ ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗುವೆನು.

ಇಲ್ಲಿ ಪೂರ್ವಪಕ್ಷವೊಂದುಂಟು. ಒಂದೆರಡು ಮನೆಯವರು ಹಿತ್ತಿಲಲ್ಲಿ ಹಿಡಿ ಕಸ ಸುಟ್ಟರೆ ಲೋಕವೇ ಕೆಟ್ಟುಹೋಗುವುದೇ? ಇದಕ್ಕೆ ಅಳೆದು ನೋಡಿದ ಉತ್ತರವಿದೆ. ಅಮೆರಿಕ ದೇಶದ ಹಳ್ಳಿಗಳಲ್ಲಿ ಮನೆಯ ಹಿಂದೆ ಕಬ್ಬಿಣದ ಪೀಪಾಯಿಯನ್ನಿಟ್ಟು ಕಸ ಸುಡುವ ಪದ್ಧತಿಯುಂಟು. ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆಯ ವಿಜ್ಞಾನಿಗಳು ಅದರ ಹೊಗೆಯನ್ನು ಹಿಡಿದು ಪರೀಕ್ಷಿಸಿ 2000ನೆಯ ಇಸವಿಯಲ್ಲಿ ಪ್ರಕಟಿಸಿದ ಸಂಗತಿಯೆಂದರೆ, ಕೆಲವೇ ಮನೆಗಳವರು, ಬಹಳವೆಂದರೆ ನಲವತ್ತು ಮನೆಗಳವರು, ದಿನವೂ ಹೀಗೆ ಸುಡುವುದರಿಂದ ಹೊರಡುವ ಡಯಾಕ್ಸಿನ್, ದಿನಕ್ಕೆ ಸುಮಾರು 180 ಟನ್ನು ಕಸವನ್ನು ಸುಟ್ಟು ಹೊಗೆಯನ್ನು ಶೋಧಿಸಿ ಬಿಡುವ ಒಂದು ಆಧುನಿಕ ಕುಲುಮೆಯಿಂದ ಹೊರಡುವುದಕ್ಕೆ ಸಮನಾಗಬಹುದು. ನಲವತ್ತು ಮನೆಗಳೆಂದರೆ ನಮ್ಮ ಮಠದ ಮುಂದಿನ ಎರಡು ಬೀದಿಗಳು. ಇಡೀ ಲೋಕದ ಕಸದಲ್ಲಿ ಬಯಲಲ್ಲಿ ಸುಡಲ್ಪಡುವುದು ನೂರಕ್ಕೆ ನಲವತ್ತರಷ್ಟೆಂದು 2014ರಲ್ಲಿ ಕೆಲವು ವಿಜ್ಞಾನಿಗಳು ಅಂದಾಜುಮಾಡಿದರು. ಅಂದಾಜು ಹೆಚ್ಚು ಕಡಿಮೆಯಾಗಿದ್ದರೂ ಅದರ ಪ್ರಮಾಣವು ಅಲ್ಪವಲ್ಲವೆಂಬುದು ಸ್ಪಷ್ಟವೇ ಆಗಿದೆ.

ಎರಡನೆಯ ಪೂರ್ವಪಕ್ಷವು ನಮ್ಮ ಜನರ ಮನಸ್ಸಿನಲ್ಲಿ ಆಳವಾಗಿ ಬೇರೂರಿದುದು. ಅಗ್ನಿಗೆ ಪಾವಕನೆಂದೇ ಹೆಸರು, ಮುಟ್ಟಿದುದನ್ನೆಲ್ಲ ಅವನು ಶುದ್ಧಿಮಾಡುವನು. ಸುಟ್ಟಮೇಲೆ ಉಳಿದುದು ಭಸ್ಮ, ಭಸ್ಮಕ್ಕೆ ಮೈಲಿಗೆಯೆಲ್ಲಿಯದು ಎಂದು ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. ನಾನು ಅವರನ್ನು ಕೇಳಿದೆನು: ವಿಭೂತಿಯನ್ನು ಮಾಡುವವರು ಸಿಕ್ಕಿದುದನ್ನೆಲ್ಲ ಸುಟ್ಟು ಮಾಡುವರೇ? ಗೋಮಯವನ್ನು ಆರಿಸಿ, ಕಸಕಡ್ಡಿ ತೆಗೆದು, ಉಂಡೆಮಾಡಿ, ಬಿಸಿಲಲ್ಲಿ ಗಟ್ಟಿಯಾಗಿ ಒಣಗಿಸಿ, ಬೆಳ್ಳಗಾಗುವವರೆಗೆ ಸುಡುವರು; ಸುಟ್ಟುದನ್ನು ನೀರಿನಲ್ಲಿ ಕಲಸಿ ವಸ್ತ್ರದಿಂದ ಸೋಸುವರು. ಆರಿಸುವುದೂ ಒಣಗಿಸುವುದೂ ಅಗ್ನಿಗೆ ಕೊಡುವುದಕ್ಕೆ ಮುಂಚಿನ ಕೆಲಸಗಳು. ಅಗ್ನಿಯು ಕೊಟ್ಟುದನ್ನು ಮಾರ್ಪಡಿಸುವನು, ಇಲ್ಲವೆನಿಸಲಾರನು. ಪಾಕದಿಂದ ಹಸಿಯ ಮಡಕೆಯ ಬಣ್ಣ ತಿರುಗುವುದೇ ಹೊರತು ಮಣ್ಣಿನ ಪರಮಾಣುಗಳು ನಾಶವಾಗುವುದಿಲ್ಲವೆಂದು ನಮ್ಮ ವೈಶೇಷಿಕರೇ ಒಪ್ಪಿದ್ದಾರೆ. ಕಸದ ಕುಲುಮೆಯ ಚಿಮಣಿಯಲ್ಲಿ ಹಿಡಿದ ಹಾರುಬೂದಿಯು ಸೀಸ, ಕ್ಯಾಡ್ಮಿಯಂ, ಡಯಾಕ್ಸಿನ್‌ಗಳಿಂದ ತುಂಬಿರುವುದರಿಂದ ಅದನ್ನು ಅಪಾಯಕರ ಪದಾರ್ಥವೆಂದು ಬೇರೆಯಾಗಿ ಬಂಧಿಸಿಡುವರು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಭೂತಿಯ ಮಾತನ್ನು ಇದರೊಡನೆ ತಂದುದು ಸರಿಯಲ್ಲವೆಂದರು. ಇರಬಹುದು. ಅವರ ಮನಸ್ಸನ್ನು ನೋಯಿಸುವುದು ನನ್ನ ಉದ್ದೇಶವಾಗಿರಲಿಲ್ಲ.

ಮೂರನೆಯ ಪಕ್ಷವು ಬುದ್ಧಿವಂತರದು. ಬಯಲಲ್ಲಿ ಸುಡುವುದು ತಪ್ಪಾದರೆ ದೊಡ್ಡ ಕುಲುಮೆಯನ್ನು ಕಟ್ಟಿ, ಬಿಸಿಯನ್ನು ಏರಿಸಿ, ವಿದ್ಯುತ್ತನ್ನೂ ಪಡೆಯಬಾರದೇಕೆ? ಈ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಪಟ್ಟಣದಲ್ಲಿ 1874ರಲ್ಲಿಯೇ ಆಲ್ಫ್ರೆಡ್ ಫ್ರೈಯರ್ ಎಂಬಾತನ ನಮೂನೆಯಂತೆ ಕಸದ ಕುಲುಮೆಯನ್ನು ಕಟ್ಟಿದರು. ಅದಕ್ಕೆ ಡಿಸ್ಟ್ರಕ್ಟರ್, ಎಂದರೆ ಸಂಹಾರಕ, ಎಂದು ಹೆಸರಿಟ್ಟರು. ಜರ್ಮನಿಯ ಹ್ಯಾಂಬರ್ಗಿನಲ್ಲಿ 1892ರಲ್ಲಿ ಕಾಲರಾ ಬೇನೆ ಬಂದು ಸಾವಿರಾರು ಜನ ತೀರಿಕೊಂಡಾಗ, ಸುತ್ತಲಿನ ರೈತರು ಪಟ್ಟಣದ ಕಸವನ್ನು ತಮ್ಮ ಹೊಲಗಳಿಗೆ ಬಿಟ್ಟುಕೊಳ್ಳಲು ಹೆದರಿದರು. ಬಳಿಕ ಅಲ್ಲಿಯೂ ಇಂಥ ಕುಲುಮೆ ಎದ್ದಿತು. ಅಂದಿನ ಅವರ ಭಯವು ರೋಗಾಣುವಿನದು, ಅದಕ್ಕೆ ಬೆಂಕಿಯು ಸರಿಯಾದ ಮದ್ದೇ ಆಗಿದ್ದಿತು. ಚಿಮಣಿಯ ಬಾಯಿಂದ ಹೋಗುತ್ತಿದ್ದುದನ್ನು ಕೇಳುವವರು ಆಗ ಇರಲಿಲ್ಲ. ನೂರು ವರ್ಷಗಳ ತರುವಾಯ ಹಾಲೆಂಡಿನವರ ಶೋಧನೆ ಬಂದಮೇಲೆ ಪಾಶ್ಚಾತ್ಯ ದೇಶಗಳವರು ನಿಯಮವನ್ನು ಬಿಗಿಮಾಡಿದರು. ಹೊಗೆಯು 850 ಡಿಗ್ರಿಯಲ್ಲಿ ಎರಡು ಸೆಕೆಂಡಾದರೂ ಇರಬೇಕು; ಅನಂತರ ಥಟ್ಟನೆ ತಣಿಯಬೇಕು; ಸುಣ್ಣ, ಇದ್ದಿಲು, ಬಟ್ಟೆಯ ಜರಡಿಗಳ ಮೂಲಕ ಹಾದುಬರಬೇಕು; ಕಡೆಗೆ ಒಂದು ಘನಮೀಟರ್ ಹೊಗೆಯಲ್ಲಿ ಡಯಾಕ್ಸಿನ್ನಿನ ವಿಷಮಾನವು ಒಂದು ಗ್ರಾಮಿನ ಶತಕೋಟಿಯ ಭಾಗದಲ್ಲಿ ಹತ್ತನೆಯ ಒಂದಂಶಕ್ಕೆ ಮೀರಬಾರದು. ಜಪಾನಿನವರು 1999ರಲ್ಲಿ ಇದಕ್ಕಾಗಿಯೇ ವಿಶೇಷ ಕಾಯಿದೆಯನ್ನು ಮಾಡಿ, ಕೆಲವೇ ವರ್ಷಗಳಲ್ಲಿ ತಮ್ಮ ದೇಶದ ಡಯಾಕ್ಸಿನ್ ಹೊಗೆಯನ್ನು ನೂರಕ್ಕೆ ತೊಂಬತ್ತಕ್ಕೂ ಹೆಚ್ಚಾಗಿ ತಗ್ಗಿಸಿದರು. ಆದುದರಿಂದ ಕುಲುಮೆಯೆಂಬುದೇ ಪಾಪವೆಂದು ನಾನು ಹೇಳಲಾರೆನು. ಹಾಗೆ ಹೇಳುವವರು ಹಲವರಿದ್ದಾರೆ. ಅವರ ಕಳಕಳಿ ಸತ್ಯವಾದುದು, ವಾದದಲ್ಲಿ ಮಾತ್ರ ಅತಿವ್ಯಾಪ್ತಿ ಉಂಟು.

ಆದರೆ ನಮ್ಮ ದೇಶದಲ್ಲಿ ಆದುದೇನು? ದಿಲ್ಲಿಯ ತಿಮಾರ್‌ಪುರದಲ್ಲಿ 1987ರ ಸುಮಾರಿಗೆ ದಿನಕ್ಕೆ 300 ಟನ್ನು ಕಸವನ್ನು ಸುಟ್ಟು ವಿದ್ಯುತ್ ತೆಗೆಯತಕ್ಕ ಕುಲುಮೆಯನ್ನು ಡೆನ್ಮಾರ್ಕಿನವರ ತಂತ್ರದಿಂದ ಕಟ್ಟಿದರು. ಅದು ಪರೀಕ್ಷಾರ್ಥವಾಗಿ ಕೆಲವೇ ದಿನ ನಡೆದು ನಿಂತುಹೋಯಿತು. ಯಂತ್ರದಲ್ಲಿ ದೋಷವಿರಲಿಲ್ಲ. ಯಂತ್ರವನ್ನು ಮಾಡಿದವರು ತಮ್ಮ ದೇಶದ ಒಣ ಕಾಗದ ರಟ್ಟುಗಳ ಕಸವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ನಾವು ಅದರ ಬಾಯಿಗೆ ಹಾಕಿದುದು ತರಕಾರಿಯ ಸಿಪ್ಪೆ, ಮಣ್ಣು, ಮರಳು, ನೀರು. ಬೇಕಾದ ಶಾಖದ ಅರ್ಧವೂ ಹುಟ್ಟಲಿಲ್ಲ. ಈ ಸಂಗತಿಯನ್ನು ಮೊದಲು ಕೇಳಿದ ದಿನ ನನಗೆ ನಗುವೂ ಬಂದಿತು, ಅಳುವೂ ಬಂದಿತು. ಪಾಠಶಾಲೆಯ ಹುಡುಗನು ಬಾಯಿಪಾಠ ಮಾಡಿದ ಹಸಿ ಸೌದೆಯ ಉಪಾಧಿಯನ್ನು ಒಂದು ರಾಜಧಾನಿಯವರು ಕೋಟಿಗಟ್ಟಲೆ ಹಣವನ್ನು ಕೊಟ್ಟು ಕಲಿತರಲ್ಲಾ! ಅದೇ ದಿಲ್ಲಿಯ ಓಖ್ಲಾದಲ್ಲಿ 2012ರಲ್ಲಿ ಇನ್ನೊಂದು ಕುಲುಮೆ ಆರಂಭವಾಯಿತು. ಮನೆಗಳ ಮಗ್ಗುಲಲ್ಲೇ ಇದ್ದುದರಿಂದ ನೆರೆಯವರು ಬಹುಕಾಲ ವ್ಯಾಜ್ಯ ನಡೆಸಿದರು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ಹಿಂದಿನ ಮಾಲಿನ್ಯಕ್ಕಾಗಿ 25 ಲಕ್ಷ ರೂಪಾಯಿಗಳನ್ನು ತೆರಬೇಕೆಂದು ವಿಧಿಸಿ ಕುಲುಮೆಯನ್ನು ನಡೆಯಲು ಬಿಟ್ಟಿತು. ಭಾರತ ಸರ್ಕಾರವು 2016ರಲ್ಲಿ ಹೊರಡಿಸಿದ ಘನತ್ಯಾಜ್ಯದ ನಿಯಮಗಳಲ್ಲಿ, ಕಿಲೋಗ್ರಾಮಿಗೆ 1500 ಕಿಲೋಕ್ಯಾಲೊರಿ ಶಾಖವಿದ್ದು, ಮತ್ತೆ ಉಪಯೋಗಕ್ಕೆ ಬಾರದ ಪದಾರ್ಥವೇ ಶಕ್ತಿಯ ಉತ್ಪಾದನೆಗೆ ತಕ್ಕುದೆಂದು ಗೊತ್ತುಮಾಡಿದ್ದಿತು. ಎಂದರೆ ಹಸಿಯನ್ನು ಮೊದಲೇ ಬೇರ್ಪಡಿಸದೆ ಕುಲುಮೆಯೂ ಇಲ್ಲ. ಎಲ್ಲ ದಾರಿಗಳೂ ಬಂದು ಕೂಡುವುದು ನಮ್ಮ ಅಡಿಗೆಯ ಮನೆಯ ಮೂಲೆಯಲ್ಲಿರುವ ಬುಟ್ಟಿಗೇ. ಅದು ಒಂದೋ, ಎರಡೋ ಎಂಬುದೇ ಪ್ರಶ್ನೆ.

ಬೆಂಕಿಯಿಡದೆ ಸುಮ್ಮನೆ ಗುಡ್ಡೆಹಾಕಿದರಾಯಿತೆಂದು ತಿಳಿಯಬೇಡಿರಿ. ಹಸಿಯು ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಎಂಬ ಹೊತ್ತುವ ವಾಯು ಹುಟ್ಟುವುದು. ರಾಶಿಯ ಒಡಲು ತಾನಾಗಿಯೇ ಕಾಯುವುದು. ಬೇಸಗೆಯಲ್ಲಿ ಕಿಡಿಯೊಂದು ಸಾಕು. ನೆರೆಯ ಕೇರಳದ ಕೊಚ್ಚಿ ನಗರದ ಕಸವು ಬ್ರಹ್ಮಪುರಂ ಎಂಬಲ್ಲಿ ಬೆಟ್ಟವಾಗಿ ಬಿದ್ದಿದ್ದಿತು. ಅದಕ್ಕೆ 2023ನೆಯ ಇಸವಿಯ ಮಾರ್ಚಿ 2ರಂದು ಬೆಂಕಿ ಹತ್ತಿತು. ಪ್ಲಾಸ್ಟಿಕ್ಕಿನ ಒಳಪದರಗಳಲ್ಲಿ ಹೊಕ್ಕ ಆ ಬೆಂಕಿಯನ್ನು ಆರಿಸಲು ಹನ್ನೆರಡು ದಿನಗಳು ಹಿಡಿದುವು. ಅಗ್ನಿಶಾಮಕದವರು ಯಂತ್ರಗಳಿಂದ ರಾಶಿಯನ್ನು ಬಗೆಬಗೆದು ನೀರು ತುಂಬಿದರು. ನೌಕಾದಳದ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿದುವು. ಪಟ್ಟಣದ ಮೇಲೆ ಹೊಗೆಯ ಮುಸುಕು ಬಿದ್ದು ಶಾಲೆಗಳಿಗೆ ರಜೆ ಕೊಟ್ಟರು, ಜನರು ಕಿಟಕಿ ಮುಚ್ಚಿಕೊಂಡು ಕುಳಿತರು. ಹಸಿರು ನ್ಯಾಯಪೀಠವು ಅದೇ ತಿಂಗಳು ಅಲ್ಲಿನ ನಗರಸಭೆಗೆ 100 ಕೋಟಿ ರೂಪಾಯಿ ದಂಡ ವಿಧಿಸಿತು. ನಮ್ಮ ಬೆಂಗಳೂರಿನ ಕಸವನ್ನು ಹೊತ್ತು ಬಹುಕಾಲ ನವೆದ ಮಂಡೂರಿನ ಗ್ರಾಮಸ್ಥರು ಹೋರಾಡಿ, 2014ರ ಕೊನೆಯಲ್ಲಿ ಅಲ್ಲಿಗೆ ಲಾರಿಗಳು ಬರುವುದನ್ನು ನಿಲ್ಲಿಸಿದುದನ್ನು ತಾವೂ ಕೇಳಿರಬಹುದು.

ಕಾನೂನಿನ ವಿಷಯದಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಒಂದು ಹೆಸರನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ನೆಲೆಸಿದ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆಯು ಊರುಗಳ ಕಸದ ದುರವಸ್ಥೆಯನ್ನು ಕುರಿತು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ದೇಶದಲ್ಲಿ ಮೊತ್ತಮೊದಲು 2000ನೆಯ ಇಸವಿಯಲ್ಲಿ ಊರ ಕಸಕ್ಕೆ ನಿಯಮಗಳು ಬಂದುದಕ್ಕೆ ಆ ದಾವೆಯು ಪ್ರೇರಕವಾಯಿತು. ಅದೇ ವ್ಯವಹಾರವು ಹಸಿರು ನ್ಯಾಯಪೀಠಕ್ಕೆ ಬಂದು, 2016ರ ಡಿಸೆಂಬರ್ 22ರಂದು ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ ಆಜ್ಞೆಯಾಯಿತು. ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು ಗೊತ್ತಾಯಿತು. ಇಪ್ಪತ್ತು ವರ್ಷಗಳ ಒಬ್ಬ ಹೆಂಗಸಿನ ಹಟಕ್ಕೆ ದೊರೆತ ಫಲವಿದು. ಆ ಆಜ್ಞೆ ಹೊರಟ ಮೇಲೆಯೂ ನಮ್ಮ ಹಳ್ಳದ ಬದಿಯಲ್ಲಿ ಜಾತ್ರೆಯ ರಾಶಿ ಉರಿಯುತ್ತಲೇ ಇದ್ದಿತು. ನಮ್ಮನ್ನು ಯಾರೂ ಕೇಳಲಿಲ್ಲ. ಮಠವೆಂದು ಸುಮ್ಮನಿದ್ದರೋ ಏನೋ.

ಸುಡುವವರಾರೆಂದು ವಿಚಾರಿಸಿದರೆ ಬೆರಳು ತೋರಿಸುವುದು ಬೀದಿ ಗುಡಿಸುವವರ ಕಡೆಗೆ. ಇದರಲ್ಲಿ ದೊಡ್ಡ ಅನ್ಯಾಯವುಂಟು. ಗುಡಿಸಿದುದನ್ನು ಸಾಗಿಸಲು ಗಾಡಿ ಬಾರದು; ರಾಶಿ ಹಾಗೆಯೇ ಬಿಟ್ಟರೆ ಮೇಲಿನವರು ಗದರಿಸುವರು; ಒಂದು ಕಡ್ಡಿ ಗೀರಿದರೆ ಬೆಳಗಿನ ಕೆಲಸ ಮುಗಿಯುವುದು. ಆ ಹೊಗೆಯನ್ನು ಮೊದಲು ಕುಡಿಯುವವರೂ ಅವರೇ. ಅವರ ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆಯನ್ನೂ ಕೊಡದೆ, ದಂಡದ ಚೀಟಿಯನ್ನು ಮಾತ್ರ ಕೊಡುವುದು ಯಾವ ಧರ್ಮ? ನನ್ನ ಕೈಯಿಂದ ಸೀಮೆಯೆಣ್ಣೆಯ ಡಬ್ಬಿಯನ್ನು ತೆಗೆದುಕೊಂಡು ವರ್ಷವರ್ಷವೂ ರಾಶಿಗೆ ಬೆಂಕಿಯಿಡುತ್ತಿದ್ದ ಮುದುಕನು ಈಗಿಲ್ಲ. ಅವನಿಗೆ ಕೊನೆಗಾಲದಲ್ಲಿ ದಮ್ಮು ಬಹಳವಾಗಿದ್ದಿತು. ಅವನು ಬೀಡಿಯನ್ನೂ ಸೇದುತ್ತಿದ್ದನು; ಯಾವ ಹೊಗೆಯಿಂದ ಎಷ್ಟು ಕೇಡಾಯಿತೆಂದು ವಿಂಗಡಿಸಿ ಹೇಳುವ ಅನುಮಾನವು ನನ್ನಲ್ಲಿಲ್ಲ. ಆದರೂ ಅವನ ಮಗನ ಮುಖವನ್ನು ನೋಡುವಾಗ ನನಗೆ ಸಂಕೋಚವಾಗುವುದು.

ಈ ಮಹೋತ್ಸವದಲ್ಲಿ ಮಾಡಿಕೊಂಡಿರುವ ಏರ್ಪಾಟನ್ನು ಹೇಳಿ ಮುಗಿಸುವೆನು. ದಾಸೋಹದ ಮನೆಯಲ್ಲಿ ಮುತ್ತುಗದ ಎಲೆ ಮತ್ತು ಹಿತ್ತಾಳೆಯ ಲೋಟಗಳನ್ನು ಮಾತ್ರ ಇಟ್ಟಿದೆ. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು 2022ರ ಜುಲೈ 1ರಿಂದ ಸರ್ಕಾರವೇ ನಿಷೇಧಿಸಿದ್ದರೂ ಅಂಗಡಿಗಳಲ್ಲಿ ಸಿಕ್ಕುತ್ತಿರುವುದರಿಂದ, ತಂದುಕೊಟ್ಟ ಭಕ್ತರಿಗೆ ವಿನಯದಿಂದ ಹಿಂದಿರುಗಿಸಿದ್ದೇವೆ. ಯಾರೂ ತಪ್ಪು ತಿಳಿಯಬಾರದು. ಉಂಡ ಎಲೆ, ಚೆಲ್ಲಿದ ಅನ್ನ, ಹೂಮಾಲೆಗಳು ತೋಟದ ನಾಲ್ಕು ಗುಂಡಿಗಳಿಗೆ ಹೋಗುವುವು. ಅವುಗಳ ಮೇಲೆ ಒಂದು ಪದರ ಒಣ ತರಗು, ಒಂದು ಪದರ ಸಗಣಿಯನ್ನು ಹಾಕಿ ವಾರಕ್ಕೊಮ್ಮೆ ಮಗುಚುವ ಕೆಲಸವನ್ನು ಪಾಠಶಾಲೆಯ ಹುಡುಗರು ವಹಿಸಿಕೊಂಡಿದ್ದಾರೆ. ಮಗುಚದಿದ್ದರೆ ಗಾಳಿ ಆಡದೆ ನಾರುವುದು. ಮೊದಲ ವರ್ಷ ನಾರಿತು, ಸೊಳ್ಳೆಯೂ ಆಯಿತು, ಬೈಗುಳವನ್ನೂ ತಿಂದೆವು. ಮಹಾದ್ವಾರದ ಎಡಬಲಗಳಲ್ಲಿ ಎರಡೆರಡು ಬುಟ್ಟಿಗಳಿವೆ: ಹಸಿರು ಬಣ್ಣದ್ದು ಹಸಿಗೆ, ನೀಲಿಯದು ಒಣದಕ್ಕೆ. ನಿನ್ನೆ ರಾತ್ರಿ ನೋಡಿದಾಗ ಹಸಿರು ಬುಟ್ಟಿಯಲ್ಲಿ ಮೂರು ಚಪ್ಪಲಿಗಳಿದ್ದುವು.

ಒಣದರಲ್ಲಿ ರಟ್ಟು, ಸೀಸೆ, ದಪ್ಪ ಪ್ಲಾಸ್ಟಿಕ್ಕುಗಳನ್ನು ಕೊಳ್ಳುವವರು ಬರುವರು. ತಿಂಡಿಯ ಪೊಟ್ಟಣ, ಶಾಂಪುವಿನ ಚೀಟಿ ಮೊದಲಾದುವುಗಳಲ್ಲಿ ಪ್ಲಾಸ್ಟಿಕ್ಕಿಗೆ ಲೋಹದ ತೆಳುಪದರವನ್ನು ಅಂಟಿಸಿರುವುದರಿಂದ ಅವುಗಳನ್ನು ಬಿಡಿಸಲಾಗದು, ಕೊಳ್ಳುವವರೂ ಇಲ್ಲ. ಹಿಂದಿನ ಎರಡು ಜಾತ್ರೆಗಳಿಂದ ಕೂಡಿಟ್ಟ ಅಂಥ ಹನ್ನೊಂದು ಮೂಟೆಗಳು ರಥದ ಮನೆಯ ಹಿಂದಿನ ಕೊಟ್ಟಡಿಯಲ್ಲಿವೆ. ಸಿಮೆಂಟ್ ಕಾರ್ಖಾನೆಗಳ ಉಗ್ರವಾದ ಕುಲುಮೆಯಲ್ಲಿ ಇವನ್ನು ಕಲ್ಲಿದ್ದಲಿನೊಡನೆ ಉರಿಸುವ ಪದ್ಧತಿಯುಂಟೆಂದು ಭಕ್ತರೊಬ್ಬರು ಹೇಳಿ, ವಿಚಾರಿಸುವೆನೆಂದು ಹೋಗಿದ್ದಾರೆ. ಅವರಿಂದ ಇನ್ನೂ ಕಾಗದ ಬಂದಿಲ್ಲ. ಇಲಿಗಳು ಒಂದು ಮೂಟೆಯನ್ನು ಕಡಿದಿವೆ. ಕೊಟ್ಟಡಿಯ ಬೀಗದ ಕೈ ನನ್ನ ಬಳಿಯಲ್ಲಿದೆ. ಸೀಮೆಯೆಣ್ಣೆಯ ಡಬ್ಬಿಯನ್ನು ಕೊಟ್ಟುಬಿಟ್ಟಿದ್ದೇನೆ.